ದಿನಕ್ಕೊಂದು ಮಿಲಿಮೀಟರ್

ಕೈಯ ಮೂಳೆ ಮುರಿದರೆ ಆರೆಂಟು ವಾರದಲ್ಲಿ ಕೂಡುತ್ತದೆ. ಚರ್ಮ ಸೀಳಿದರೆ ಹತ್ತು ಹನ್ನೆರಡು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ನರ ತುಂಡಾದರೆ ಲೆಕ್ಕವೇ ಬೇರೆ. ಕಬ್ಬು ಕಡಿಯುವಾಗ ಮಚ್ಚು ಜಾರಿಯೋ, ಕಿಟಕಿಯ ಗಾಜು ಒಡೆದೋ ಮಣಿಕಟ್ಟಿನ ನರ ಕತ್ತರಿಸಿಕೊಂಡವರು ಆಪರೇಷನ್ ಮುಗಿಸಿ ಮನೆಗೆ ಬರುತ್ತಾರೆ. ಗಾಯ ಮಾಯುತ್ತದೆ, ಹೊಲಿಗೆಯ ಗುರುತೂ ಮಾಸತೊಡಗುತ್ತದೆ. ಆದರೆ ಬೆರಳ ತುದಿಗೆ ಬಿಸಿ ಯಾವುದು, ತಣ್ಣಗಿನದು ಯಾವುದು ಎಂದು ತಿಳಿಯುವುದಿಲ್ಲ. ಅಂಗಿಯ ಗುಂಡಿ ಹಾಕಲಾಗುವುದಿಲ್ಲ. ತಿಂಗಳು ಎರಡಾಗುತ್ತದೆ, ಮೂರಾಗುತ್ತದೆ. ಆಪರೇಷನ್ ಕೆಟ್ಟಿತೇನೋ ಎಂಬ ಅನುಮಾನ ಮನೆಯವರನ್ನು ಕಾಡುತ್ತದೆ. ಕೆಲವರು ಫಿಸಿಯೋಥೆರಪಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಎಣ್ಣೆ, ಟಾನಿಕ್ಕುಗಳ ಬೆನ್ನು ಹತ್ತುತ್ತಾರೆ.

ಬಹಳಷ್ಟು ಸಲ ಆಪರೇಷನ್ ಕೆಟ್ಟಿರುವುದಿಲ್ಲ. ಹೊಲಿದ ಜಾಗದಿಂದ ನರ ಬೆರಳಿನ ಕಡೆಗೆ ಬೆಳೆಯುತ್ತಲೇ ಇರುತ್ತದೆ. ಅದರ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ 18 ಸೆಂಟಿಮೀಟರ್ ಎಂದುಕೊಂಡರೆ 180 ದಿನ, ಅಂದರೆ ಆರು ತಿಂಗಳು ಬೇಕು. ಹೊಲಿಗೆಯ ಜಾಗವನ್ನು ದಾಟಲು ಹಿಡಿಯುವ ಮೊದಲ ಕೆಲವು ವಾರಗಳನ್ನು ಇದಕ್ಕೆ ಸೇರಿಸಿಕೊಳ್ಳಬೇಕು.

ಈ ಲೆಕ್ಕ ವೈದ್ಯರಿಗಷ್ಟೇ ಅಲ್ಲ, ಎಲ್ಲರಿಗೂ ಗೊತ್ತಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಕೈಕಾಲಿನ ನರ ಮತ್ತೆ ಚಿಗುರುತ್ತದೆ, ಬೆನ್ನುಹುರಿ ಏಕೆ ಚಿಗುರುವುದಿಲ್ಲ? ಸಕ್ಕರೆ ಕಾಯಿಲೆ ಪಾದವನ್ನೇ ಏಕೆ ಮೊದಲು ಹಿಡಿಯುತ್ತದೆ? ಕುಷ್ಠರೋಗ ಬೆರಳನ್ನು ಏಕೆ ಮಡಚಿಸುತ್ತದೆ? ಇವೆಲ್ಲಕ್ಕೂ ಉತ್ತರ ಸಿಗುವುದು ನರಕೋಶ ಹೇಗೆ ಬೆಳೆಯುತ್ತದೆ, ಹೇಗೆ ಬದುಕುತ್ತದೆ ಎಂಬುದನ್ನು ತಿಳಿದಾಗ.

ಒಂದು ಮೀಟರ್ ಉದ್ದದ ಕೋಶ

ನಮ್ಮ ದೇಹದ ಬಹುತೇಕ ಕೋಶಗಳು ಬರಿಗಣ್ಣಿಗೆ ಕಾಣದಷ್ಟು ಚಿಕ್ಕವು. ನರಕೋಶದ ಒಡಲೂ ಅಷ್ಟೇ, ದೊಡ್ಡದೆಂದರೂ ಮಿಲಿಮೀಟರಿನ ಹತ್ತನೇ ಒಂದು ಭಾಗ. ಆದರೆ ಆ ಒಡಲಿನಿಂದ ಒಂದು ಎಳೆ ಹೊರಡುತ್ತದೆ. ವಿಜ್ಞಾನಿಗಳು ಅದನ್ನು ಆಕ್ಸಾನ್ ಎನ್ನುತ್ತಾರೆ, ನಾವು ನರತಂತು ಎನ್ನೋಣ. ಕಾಲ್ಬೆರಳನ್ನು ಆಡಿಸುವ ಕೋಶದ ಒಡಲು ಇರುವುದು ಬೆನ್ನುಹುರಿಯ ಕೆಳತುದಿಯಲ್ಲಿ. ಅದರ ತಂತು ಸೊಂಟ, ತೊಡೆ, ಮೀನಖಂಡಗಳನ್ನು ಹಾದು ಪಾದ ತಲುಪುತ್ತದೆ. ಉದ್ದ ಸುಮಾರು ಒಂದು ಮೀಟರ್. ನಡುವೆ ಎಲ್ಲೂ ಬೇರೊಂದು ಕೋಶ ಸೇರಿಕೊಳ್ಳುವುದಿಲ್ಲ, ಉದ್ದಕ್ಕೂ ಒಂದೇ ಕೋಶ. ಇಂಥ ಸಾವಿರಾರು ತಂತುಗಳನ್ನು ಒಟ್ಟಿಗೆ ಕಟ್ಟಿ ಹೊದಿಕೆ ಹೊದಿಸಿದರೆ ನಾವು ನರ ಎಂದು ಕರೆಯುವ ಬಿಳಿಯ ದಾರವಾಗುತ್ತದೆ.

ಉದ್ದವೇ ಈ ಕೋಶದ ಶಕ್ತಿ, ಉದ್ದವೇ ಅದರ ಕಷ್ಟ. ವಂಶವಾಹಿಗಳಿರುವ ಕೋಶಕೇಂದ್ರ ಇರುವುದು ಒಡಲಿನಲ್ಲಿ ಮಾತ್ರ. ತಂತುವಿಗೆ ಬೇಕಾದ ಪ್ರೋಟೀನುಗಳು ಬಹುಪಾಲು ಅಲ್ಲೇ ತಯಾರಾಗಿ ತುದಿಯವರೆಗೆ ಸಾಗಬೇಕು. ತಂತುವಿನ ಗಾತ್ರವೋ ಒಡಲಿಗಿಂತ ನೂರಾರು ಪಟ್ಟು ಹೆಚ್ಚು. 1948ರಲ್ಲಿ ಅಮೆರಿಕದ ಪೌಲ್ ವೈಸ್ ಮತ್ತು ಹೆಲೆನ್ ಹಿಸ್ಕೋ ನರವೊಂದನ್ನು ಬಿಗಿಯಾಗಿ ಅಮುಕಿ ನೋಡಿದರು. ಅಮುಕಿದ ಜಾಗಕ್ಕಿಂತ ಹಿಂದೆ, ಒಡಲಿನ ಕಡೆಗೆ, ತಂತುಗಳು ಉಬ್ಬಿಕೊಂಡವು. ಬಿಗಿತ ತೆಗೆದಾಗ ಉಬ್ಬು ಮೆಲ್ಲನೆ ಮುಂದಕ್ಕೆ ಸರಿಯಿತು. ತಂತುವಿನೊಳಗೆ ಒಂದು ಹರಿವು ಸದಾ ನಡೆದಿರುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಆ ಸಾಗಣೆಗೆ ಎರಡು ವೇಗಗಳಿವೆ ಎಂದು ಮುಂದೆ ತಿಳಿಯಿತು. ಚಿಕ್ಕ ಚೀಲಗಳಲ್ಲಿ ತುಂಬಿದ ವಸ್ತುಗಳು ದಿನಕ್ಕೆ 200ರಿಂದ 400 ಮಿಲಿಮೀಟರ್ ಸಾಗುತ್ತವೆ. ಅವನ್ನು ಹೊತ್ತು ನಡೆಯುವ ಕೈನೆಸಿನ್ ಎಂಬ ಪ್ರೋಟೀನು 1985ರಲ್ಲಿ ಸಮುದ್ರಜೀವಿ ಸ್ಕ್ವಿಡ್‌ನ ದಪ್ಪ ನರತಂತುವಿನಲ್ಲಿ ಸಿಕ್ಕಿತು. ತುದಿಯ ಸುದ್ದಿಯನ್ನು ಒಡಲಿಗೆ ಮರಳಿ ತರುವುದು ಡೈನೀನ್ ಎಂಬ ಇನ್ನೊಂದು ಪ್ರೋಟೀನು. ತಂತುವಿನ ಮೈಕಟ್ಟಿಗೆ ಬೇಕಾದ ಸಾಮಗ್ರಿ ಮಾತ್ರ ನಿಧಾನಕ್ಕೆ ಸರಿಯುತ್ತದೆ, ದಿನಕ್ಕೆ ಒಂದೋ ಕೆಲವೋ ಮಿಲಿಮೀಟರ್. ಹೊಸ ತಂತು ಕಟ್ಟಲು ಬೇಕಾದದ್ದು ಈ ಸಾಮಗ್ರಿಯೇ. ತುಂಡಾದ ನರ ದಿನಕ್ಕೆ ಒಂದು ಮಿಲಿಮೀಟರಿನಂತೆ ಬೆಳೆಯುವುದಕ್ಕೆ ಇದೊಂದು ಮುಖ್ಯ ಕಾರಣ. ದಿನಕ್ಕೆ ಒಂದು ಮಿಲಿಮೀಟರಿನ ಲೆಕ್ಕದಲ್ಲಿ, ಸೊಂಟದ ಹತ್ತಿರ ಇಂದು ತಯಾರಾದ ಪ್ರೋಟೀನು ಕಾಲ್ಬೆರಳು ಮುಟ್ಟಲು ಸಾವಿರ ದಿನ ಬೇಕು. ನಮ್ಮ ಪಾದದ ನರಗಳು ಬದುಕಿರುವುದು ಇಂಥ ತಾಳ್ಮೆಯ ಮೇಲೆ.

ದಾರಿ ಹುಡುಕುವ ತುದಿ

ಭ್ರೂಣದಲ್ಲಿ ಈ ತಂತುಗಳು ಮೊದಲ ಸಲ ಹೇಗೆ ಬೆಳೆಯುತ್ತವೆ? 1890ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿದ್ದ ಸಾಂಟಿಯಾಗೊ ರಾಮೋನ್ ಇ ಕಹಾಲ್ ಕೋಳಿಮೊಟ್ಟೆಯ ಭ್ರೂಣಗಳ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ನರಕೋಶವನ್ನು ಕಪ್ಪಾಗಿ ಎದ್ದು ಕಾಣಿಸುವ ಬೆಳ್ಳಿಯ ಲವಣದ ವಿಧಾನವನ್ನು ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲೇ ಕಂಡುಹಿಡಿದಿದ್ದರು. ಕಹಾಲ್ ಅದನ್ನು ಎಳೆಯ ಭ್ರೂಣಗಳಿಗೆ ಬಳಸಿದರು. ಬೆಳೆಯುತ್ತಿದ್ದ ಪ್ರತಿ ತಂತುವಿನ ತುದಿಯಲ್ಲೂ ಶಂಕುವಿನಾಕಾರದ ಸಣ್ಣ ಉಬ್ಬು ಕಂಡಿತು. ತಂತು ಮುನ್ನುಗ್ಗುವುದು ಈ ಶಂಕುವಿನಿಂದಲೇ ಎಂದು ಅವರು ಊಹಿಸಿದರು. ಅವರ ಮುಂದಿದ್ದದ್ದು ಸತ್ತ, ಬಣ್ಣ ಹಾಕಿದ ತುಣುಕುಗಳು. ಅವುಗಳಿಂದಲೇ ಚಲನೆಯನ್ನು ಕಂಡುಕೊಂಡದ್ದು ಅವರ ಪ್ರತಿಭೆ. ನರಮಂಡಲವೆಂದರೆ ಎಡೆಬಿಡದ ಒಂದು ಬಲೆ ಎಂದು ಗಾಲ್ಜಿ ನಂಬಿದ್ದರು, ಬಿಡಿಬಿಡಿ ಕೋಶಗಳ ಕೂಟ ಎಂದು ಕಹಾಲ್ ತೋರಿಸಿದರು. 1906ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂತು.

1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರಭಾಗದ ತುಣುಕೊಂದನ್ನು ಕಪ್ಪೆಯ ದುಗ್ಧರಸದ ಹನಿಯಲ್ಲಿಟ್ಟು, ಆ ಹನಿಯನ್ನು ಗಾಜಿನ ಕೆಳಗೆ ತೂಗುಬಿಟ್ಟರು. ಜೀವಂತ ನರತಂತು ಕಣ್ಣೆದುರೇ ಬೆಳೆಯಿತು. ದೇಹದಿಂದ ಹೊರಗೆ ಜೀವಕೋಶಗಳನ್ನು ಬೆಳೆಸುವ ವಿಧಾನ ಶುರುವಾದದ್ದೂ ಈ ಪ್ರಯೋಗದಿಂದ. ತಂತುವಿನ ತುದಿ ಸುಮ್ಮನೆ ಉದ್ದವಾಗುವುದಿಲ್ಲ. ಚಪ್ಪರ ಹುಡುಕುವ ಹಾಗಲಬಳ್ಳಿಯ ಕುಡಿಯಂತೆ ಅತ್ತಿತ್ತ ಎಳೆಗಳನ್ನು ಚಾಚುತ್ತದೆ. ಹಿಡಿತ ಸಿಕ್ಕ ಕಡೆ ಮುಂದುವರಿಯುತ್ತದೆ, ಸಿಗದ ಕಡೆಯಿಂದ ಹಿಂದೆ ಸರಿಯುತ್ತದೆ.

ಯಾವ ಕಡೆಗೆ ಹೋಗಬೇಕೆಂದು ಅದಕ್ಕೆ ಯಾರು ಹೇಳುತ್ತಾರೆ? 1940ರ ದಶಕದಲ್ಲಿ ರೋಜರ್ ಸ್ಪೆರಿ ಕಪ್ಪೆಯ ಕಣ್ಣಿನ ನರ ಕತ್ತರಿಸಿ, ಕಣ್ಣುಗುಡ್ಡೆಯನ್ನು ತಲೆಕೆಳಗಾಗಿ ತಿರುಗಿಸಿ ಕೂರಿಸಿದರು. ಕಪ್ಪೆಗಳಲ್ಲಿ ಕಣ್ಣಿನ ನರ ಮತ್ತೆ ಬೆಳೆಯುತ್ತದೆ. ಬೆಳೆಯಿತು ಕೂಡ. ಆದರೆ ನೊಣ ಮೇಲಿದ್ದರೆ ಕಪ್ಪೆ ಕೆಳಕ್ಕೆ ನಾಲಿಗೆ ಚಾಚುತ್ತಿತ್ತು. ಎಷ್ಟು ದಿನ ಕಳೆದರೂ ಅದು ತಿದ್ದಿಕೊಳ್ಳಲಿಲ್ಲ. ಅಂದರೆ ಪ್ರತಿ ತಂತುವೂ ಮಿದುಳಿನಲ್ಲಿ ತನ್ನ ಹಳೆಯ ನೆಲೆಯನ್ನೇ ಹುಡುಕಿಕೊಂಡು ಹೋಗಿತ್ತು. ದಾರಿಯುದ್ದಕ್ಕೂ ರಾಸಾಯನಿಕ ಗುರುತುಗಳಿವೆ ಎಂದು ಸ್ಪೆರಿ ವಾದಿಸಿದರು. ಅಂಥ ಗುರುತುಗಳಲ್ಲಿ ತಂತುಗಳನ್ನು ಕರೆಯುವಂಥವೂ ಇವೆ, ದೂರ ತಳ್ಳುವಂಥವೂ ಇವೆ. 1990ರ ದಶಕದಲ್ಲಿ ಅವು ಒಂದೊಂದಾಗಿ ಪತ್ತೆಯಾದವು.

ಗುರಿ ತಲುಪಿದರಷ್ಟೇ ಸಾಲದು, ಅಲ್ಲಿ ಪೋಷಣೆಯೂ ಸಿಗಬೇಕು. ಇದನ್ನು ತೋರಿಸಿಕೊಟ್ಟವರು ಇಟಲಿಯ ಟ್ಯೂರಿನ್‌ನ ರೀಟಾ ಲೆವಿ-ಮೊಂಟಾಲ್ಚಿನಿ. ಯಹೂದಿಗಳು ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡಬಾರದೆಂದು ಮುಸೊಲಿನಿಯ ಸರ್ಕಾರ 1938ರಲ್ಲಿ ಕಾನೂನು ತಂದಿತು. ಯಹೂದಿಯಾಗಿದ್ದ ರೀಟಾ ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡರು. ಹೊಲಿಗೆ ಸೂಜಿಗಳನ್ನು ಮಸೆದು ಶಸ್ತ್ರ ಮಾಡಿಕೊಂಡು ಕೋಳಿಮೊಟ್ಟೆಗಳ ಭ್ರೂಣಗಳ ಮೇಲೆ ಕೆಲಸ ಮಾಡಿದರು. ಮೊಳೆಯುತ್ತಿರುವ ರೆಕ್ಕೆಯನ್ನು ಕತ್ತರಿಸಿದರೆ ಅದಕ್ಕೆ ಹೋಗಬೇಕಿದ್ದ ನರಕೋಶಗಳು ಹುಟ್ಟುತ್ತವೆ, ಬೆಳೆಯತೊಡಗುತ್ತವೆ, ಆಮೇಲೆ ಸಾಯುತ್ತವೆ ಎಂಬುದನ್ನು ಅವರು ಗಮನಿಸಿದರು. ಯುದ್ಧ ಮುಗಿದ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಈ ಜಾಡು ಹಿಡಿದು ಹೋದಾಗ ನರ ಬೆಳವಣಿಗೆಯ ಅಂಶ ಎಂಬ ಪ್ರೋಟೀನು ಸಿಕ್ಕಿತು. ಸ್ಟಾನ್ಲಿ ಕೊಹೆನ್ ಅದನ್ನು ಬೇರ್ಪಡಿಸಿದರು. 1986ರಲ್ಲಿ ಇಬ್ಬರಿಗೂ ನೊಬೆಲ್ ದೊರೆಯಿತು. ಭ್ರೂಣದಲ್ಲಿ ಅಗತ್ಯಕ್ಕಿಂತ ಹೆಚ್ಚು ನರಕೋಶಗಳು ಹುಟ್ಟುತ್ತವೆ. ಹಲವು ಗುಂಪುಗಳಲ್ಲಿ ಸುಮಾರು ಅರ್ಧದಷ್ಟು ಕೋಶಗಳು ಗುರಿಯಿಂದ ಸಾಕಷ್ಟು ಪೋಷಣೆ ಸಿಗದೆ ಅಳಿದುಹೋಗುತ್ತವೆ. ಉಳಿದವು ಬದುಕಿನುದ್ದಕ್ಕೂ ಇರುತ್ತವೆ. ಸತ್ತವುಗಳ ಜಾಗಕ್ಕೆ ಹೊಸವು ಬರುವುದಿಲ್ಲವೆಂದೇ ಬಹುತೇಕ ಮಟ್ಟಿಗೆ ಹೇಳಬಹುದು.

ಇಲ್ಲೊಂದು ಸಂಗತಿಯನ್ನು ನೆನಪಿಡಬೇಕು. ಭ್ರೂಣದಲ್ಲಿ ತಂತು ಕ್ರಮಿಸಬೇಕಾದ ದೂರ ಕೆಲವೇ ಮಿಲಿಮೀಟರ್. ಒಮ್ಮೆ ಸ್ನಾಯುವನ್ನೋ ಚರ್ಮವನ್ನೋ ಸೇರಿಕೊಂಡ ಮೇಲೆ ಮಗು ಬೆಳೆದಂತೆ ತಂತುವೂ ಎಳೆದುಕೊಂಡು ಉದ್ದವಾಗುತ್ತದೆ. ವಯಸ್ಕರಲ್ಲಿ ನರ ತುಂಡಾದಾಗ ಮಾತ್ರ ಆ ಪೂರಾ ಉದ್ದವನ್ನು ತುದಿಯೊಂದೇ ಹೊಸದಾಗಿ ಕ್ರಮಿಸಬೇಕು.

ತುಂಡಾದ ಮೇಲೆ

1850ರಲ್ಲಿ ಇಂಗ್ಲೆಂಡಿನ ವೈದ್ಯ ಅಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ ನೋಡಿದರು. ಒಡಲಿನಿಂದ ಬೇರ್ಪಟ್ಟ ಭಾಗ ಕೆಲವೇ ದಿನಗಳಲ್ಲಿ ಚೂರುಚೂರಾಯಿತು. ಒಡಲಿಗೆ ಅಂಟಿಕೊಂಡಿದ್ದ ಭಾಗ ಉಳಿಯಿತು. ಪೋಷಣೆ ನಿಂತದ್ದರಿಂದ ತುದಿ ಸೊರಗಿ ಸಾಯುತ್ತದೆ ಎಂದೇ ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ನಂಬಿದ್ದರು. ಆಕ್ಸ್‌ಫರ್ಡಿನ ವಿಜ್ಞಾನಿಗಳು 1989ರಲ್ಲಿ ವಿವರಿಸಿದ ಒಂದು ತಳಿಯ ಇಲಿಗಳಿಂದ ಈ ನಂಬಿಕೆ ಅಲುಗಿತು. ಅವುಗಳಲ್ಲಿ ಕತ್ತರಿಸಿದ ತಂತುಗಳು ಎರಡು ವಾರದವರೆಗೂ ಗಟ್ಟಿಯಾಗಿದ್ದವು. 2012ರಲ್ಲಿ ಸಾರ್ಮ್1 ಎಂಬ ಪ್ರೋಟೀನಿನ ಪಾತ್ರ ಬೆಳಕಿಗೆ ಬಂತು. ಅದಿಲ್ಲದಿದ್ದರೆ ಕತ್ತರಿಸಿದ ತಂತು ಬೇಗ ನಾಶವಾಗುವುದಿಲ್ಲ. ತಂತುವಿನ ಸಾವು ಸೊರಗುವಿಕೆಯಲ್ಲ, ಕೋಶ ತಾನೇ ಚಾಲೂ ಮಾಡುವ ಕ್ರಿಯೆ. ಚಾಲೂ ಆಗುವಂಥದ್ದನ್ನು ತಡೆಯಲೂ ಸಾಧ್ಯವಿರಬೇಕು. ಆ ದಾರಿಯಲ್ಲಿ ಔಷಧಿಯ ಹುಡುಕಾಟ ಈಗ ನಡೆಯುತ್ತಿದೆ.

ಕೈಕಾಲಿನ ನರಗಳಲ್ಲಿ ಈ ನಾಶದ ಹಿಂದೆಯೇ ದುರಸ್ತಿಯೂ ಶುರುವಾಗುತ್ತದೆ. ತಂತುವಿಗೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುವುದು ಶ್ವಾನ್ ಕೋಶಗಳ ಕೆಲಸ. ತಂತು ಹೋದೊಡನೆ ಅವು ಆ ಕೆಲಸ ಬಿಟ್ಟು ದುರಸ್ತಿಗೆ ನಿಲ್ಲುತ್ತವೆ. ರಕ್ತದಿಂದ ಬಂದ ಭಕ್ಷಕ ಕೋಶಗಳ ಜತೆ ಸೇರಿ ಹಳೆಯ ಮೈಲಿನ್ನಿನ ಚೂರುಗಳನ್ನು ತೆಗೆದುಹಾಕುತ್ತವೆ. ತಾವು ಹೆಚ್ಚಾಗಿ, ಖಾಲಿ ಕೊಳವೆಯುದ್ದಕ್ಕೂ ಸಾಲಾಗಿ ನಿಂತು ಪೋಷಕ ಪ್ರೋಟೀನುಗಳನ್ನು ಸುರಿಸುತ್ತವೆ. ಅತ್ತ ಬೆನ್ನುಹುರಿಯಲ್ಲಿರುವ ಒಡಲಿಗೆ ಗಾಯದ ಸುದ್ದಿ ಮುಟ್ಟುತ್ತದೆ. ಸಂದೇಶ ಕಳಿಸುವ ಕೆಲಸದ ವಂಶವಾಹಿಗಳು ತಗ್ಗುತ್ತವೆ, ಬೆಳವಣಿಗೆಯ ವಂಶವಾಹಿಗಳು ಏಳುತ್ತವೆ. ಭ್ರೂಣದಲ್ಲಿದ್ದಾಗಿನ ಚಿಗುರುವ ಗುಣ ಮರಳುತ್ತದೆ. ತುಂಡಾದ ತುದಿಯಲ್ಲಿ ಕಹಾಲ್ ಕಂಡ ಆ ಶಂಕು ಮತ್ತೆ ಮೂಡಿ, ಶ್ವಾನ್ ಕೋಶಗಳ ಸಾಲನ್ನು ಹಿಡಿದು ಹೊರಡುತ್ತದೆ.

ಎಲ್ಲ ಪೆಟ್ಟೂ ಒಂದೇ ಬಗೆಯಲ್ಲ. ಎರಡನೇ ಮಹಾಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದ ಹರ್ಬರ್ಟ್ ಸೆಡ್ಡನ್ 1943ರಲ್ಲಿ ಮೂರು ಹಂತ ಗುರುತಿಸಿದರು, ಅದೇ ಇಂದಿಗೂ ಬಳಕೆಯಲ್ಲಿದೆ. ಮೊದಲನೆಯದರಲ್ಲಿ ನರ ಬರೀ ಅಮುಕಿಹೋಗಿರುತ್ತದೆ, ತಂತು ತುಂಡಾಗಿರುವುದಿಲ್ಲ. ತೋಳಿನ ಮೇಲೆ ತಲೆಯಿಟ್ಟು ಗಾಢವಾಗಿ ನಿದ್ದೆ ಹೋದವರ ಮಣಿಕಟ್ಟು ಬೆಳಿಗ್ಗೆ ಜೋತುಬೀಳುವುದು ಇದರಿಂದ. ಇದು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಎರಡನೆಯದರಲ್ಲಿ ತಂತು ಹರಿದಿರುತ್ತದೆ, ಹೊದಿಕೆ ಉಳಿದಿರುತ್ತದೆ. ದಾರಿ ಕೆಡದ ಕಾರಣ ತಂತು ತಾನೇ ಬೆಳೆದು ಗುರಿ ಮುಟ್ಟುತ್ತದೆ. ಮೂರನೆಯದರಲ್ಲಿ ನರ ಪೂರ್ತಿ ತುಂಡಾಗಿರುತ್ತದೆ. ಅಲ್ಲಿ ಶಸ್ತ್ರಚಿಕಿತ್ಸೆ ಬೇಕೇಬೇಕು. ಸೂಕ್ಷ್ಮದರ್ಶಕದ ಕೆಳಗೆ, ತಲೆಗೂದಲಿಗಿಂತ ಸಪುರವಾದ ದಾರದಿಂದ ಎರಡು ತುದಿಗಳನ್ನು ಕೂಡಿಸುತ್ತಾರೆ. ನಡುವೆ ಅಂತರ ಹೆಚ್ಚಿದ್ದರೆ ಮೀನಖಂಡದ ಹಿಂಬದಿಯಿಂದ ಒಂದು ನರದ ತುಣುಕು ತೆಗೆದು ಬೆಸೆಯುತ್ತಾರೆ. ಪಾದದ ಹೊರ ಅಂಚಿನಲ್ಲಿ ಸ್ವಲ್ಪ ಜಾಗ ಮರಗಟ್ಟುವುದಷ್ಟೇ ಅದಕ್ಕೆ ತೆರಬೇಕಾದ ಬೆಲೆ.

ಬೆಳವಣಿಗೆ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಲು ಸರಳ ಪರೀಕ್ಷೆಯಿದೆ. ನರದ ಗುಂಟ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಹೋದರೆ, ಎಳೆಯ ತುದಿ ತಲುಪಿರುವ ಜಾಗದಲ್ಲಿ ಜುಂ ಎನ್ನುತ್ತದೆ. ಫ್ರಾನ್ಸಿನ ಜೂಲ್ಸ್ ಟಿನೆಲ್ ಮತ್ತು ಜರ್ಮನಿಯ ಪೌಲ್ ಹಾಫ್‌ಮನ್ 1915ರಲ್ಲಿ ಯುದ್ಧದ ಗಾಯಾಳುಗಳಲ್ಲಿ ಇದನ್ನು ಬೇರೆಬೇರೆಯಾಗಿ ವಿವರಿಸಿದರು. ಒಬ್ಬೊಬ್ಬರದು ಒಂದೊಂದು ಶತ್ರುಪಾಳಯ, ಕಂಡದ್ದು ಮಾತ್ರ ಒಂದೇ. ಆ ಜುಂ ತಿಂಗಳಿಗೆ ಎರಡು ಮೂರು ಸೆಂಟಿಮೀಟರ್ ಕೆಳಕ್ಕೆ ಸರಿಯುತ್ತಿದ್ದರೆ ನರ ಬೆಳೆಯುತ್ತಿದೆ ಎಂದರ್ಥ. ಆಪರೇಷನ್ ಕೆಟ್ಟಿತೇ ಎಂದು ಚಿಂತಿಸುವ ಮನೆಯವರಿಗೆ ವೈದ್ಯರು ಇದನ್ನು ಮಾಡಿ ತೋರಿಸಿದರೆ ಎಷ್ಟೋ ಸಮಾಧಾನ ಸಿಗುತ್ತದೆ.

ಕೆಲವೊಮ್ಮೆ ತಂತುಗಳು ತಪ್ಪು ಕೊಳವೆ ಹಿಡಿಯುವುದೂ ಉಂಟು. ಮುಖದ ನರಕ್ಕೆ ತೀವ್ರ ಪೆಟ್ಟಾಗಿ ಬಾಯಿ ಸೊಟ್ಟಗಾದವರಲ್ಲಿ ಕೆಲವರಿಗೆ ವಾಸಿಯಾದ ಮೇಲೆ ನಕ್ಕಾಗ ಕಣ್ಣು ಮುಚ್ಚಿಕೊಳ್ಳುತ್ತದೆ, ಊಟ ಮಾಡುವಾಗ ಕಣ್ಣಲ್ಲಿ ನೀರು ಬರುತ್ತದೆ. ತುಟಿಗೆ ಹೋಗಬೇಕಿದ್ದ ತಂತು ರೆಪ್ಪೆಗೂ, ಜೊಲ್ಲು ಗ್ರಂಥಿಗೆ ಹೋಗಬೇಕಿದ್ದದ್ದು ಕಣ್ಣೀರಿನ ಗ್ರಂಥಿಗೂ ಹೋಗಿರುವುದೇ ಕಾರಣ.

ಎಲ್ಲಕ್ಕಿಂತ ದೊಡ್ಡ ತೊಡಕು ಸ್ನಾಯುವಿನದು. ನರವಿಲ್ಲದ ಸ್ನಾಯು ದಿನದಿನಕ್ಕೆ ಕರಗುತ್ತದೆ. 12ರಿಂದ 18 ತಿಂಗಳಾದ ಮೇಲೆ ನರ ಬಂದು ಮುಟ್ಟಿದರೂ ಅದು ಏಳುವುದು ಕಷ್ಟ. ದಾರಿಯಲ್ಲಿ ಕಾದು ನಿಂತ ಶ್ವಾನ್ ಕೋಶಗಳ ಶಕ್ತಿಯೂ ತಿಂಗಳುಗಳಲ್ಲಿ ಕುಂದುತ್ತದೆ. ಬೈಕಿನಿಂದ ಬಿದ್ದು ಕುತ್ತಿಗೆ-ಭುಜದ ನಡುವಿನ ನರಗಳ ಜಾಲ ಹರಿದುಕೊಂಡವರ ಲೆಕ್ಕ ನೋಡಿ. ಇವರಲ್ಲಿ ಹೆಚ್ಚಿನವರು ಹರೆಯದ ಗಂಡುಮಕ್ಕಳು. ಕುತ್ತಿಗೆಯಿಂದ ಅಂಗೈಗೆ 70 ಸೆಂಟಿಮೀಟರ್ ಎಂದರೂ 700 ದಿನ. ನರ ತಲುಪುವ ಹೊತ್ತಿಗೆ ಸ್ನಾಯು ಉಳಿದಿರುವುದಿಲ್ಲ. ಈ ಲೆಕ್ಕಕ್ಕೆ ಶಸ್ತ್ರಚಿಕಿತ್ಸಕರು ಬೇರೆ ದಾರಿ ಹುಡುಕಿದರು. 1994ರಲ್ಲಿ ಫ್ರಾನ್ಸಿನ ಕ್ರಿಸ್ಟೋಫ್ ಒಬರ್ಲಿನ್ ಅಂಗೈಗೆ ಹೋಗುವ, ಪೆಟ್ಟಾಗದ ನರದಿಂದ ಒಂದು ಚಿಕ್ಕ ಕಂತೆಯನ್ನು ಬಿಡಿಸಿ, ತೋಳು ಮಡಚುವ ಸ್ನಾಯುವಿನ ನರಕ್ಕೆ ಅದರ ಹತ್ತಿರದಲ್ಲೇ ಬೆಸೆದರು. ಕ್ರಮಿಸಬೇಕಾದ ದೂರ ಕೆಲವೇ ಸೆಂಟಿಮೀಟರಿಗೆ ಇಳಿಯಿತು. ತಿಂಗಳುಗಳಲ್ಲಿ ಮೊಣಕೈ ಮಡಚತೊಡಗಿತು. ಇಂದು ಬೆಂಗಳೂರಿನಲ್ಲೂ ಇಂಥ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಆದರೆ ಇದು ಒಳ್ಳೆಯ ಫಲ ಕೊಡುವುದು ಮೊದಲ ಮೂರರಿಂದ ಆರು ತಿಂಗಳ ಒಳಗೆ ಮಾಡಿದಾಗ. ‘ಇನ್ನೊಂದಷ್ಟು ದಿನ ನೋಡೋಣ’ ಎಂದು ವರ್ಷ ಕಳೆದು ಬಂದವರಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ.

ಬೆನ್ನುಹುರಿಯ ಗೋಡೆ

ಹಾಗಾದರೆ ಬೆನ್ನುಹುರಿ ತುಂಡಾದವರು ಏಕೆ ಮತ್ತೆ ನಡೆಯುವುದಿಲ್ಲ? ಮಿದುಳು, ಬೆನ್ನುಹುರಿಗಳ ಕೋಶಗಳಿಗೆ ಬೆಳೆಯುವ ಶಕ್ತಿಯೇ ಇಲ್ಲವೆಂದು ಬಹುಕಾಲ ಅಂದುಕೊಂಡಿದ್ದರು. 1980ರ ಆಸುಪಾಸಿನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಆಲ್ಬರ್ಟ್ ಅಗ್ವಾಯೊ ಮತ್ತು ಸಂಗಡಿಗರು ಇಲಿಯ ಕಾಲಿನ ನರದ ತುಣುಕನ್ನು ಬೆನ್ನುಹುರಿಗೆ ಸೇತುವೆಯಾಗಿ ನೆಟ್ಟರು. ಬೆನ್ನುಹುರಿಯ ತಂತುಗಳು ಆ ತುಣುಕಿನೊಳಗೆ ಸೆಂಟಿಮೀಟರುಗಟ್ಟಲೆ ಬೆಳೆದವು. ಮತ್ತೆ ಬೆನ್ನುಹುರಿಯನ್ನು ಪ್ರವೇಶಿಸುವ ಕಡೆ ಬಂದು ನಿಂತುಬಿಟ್ಟವು. ಕೊರತೆ ಇದ್ದದ್ದು ಕೋಶದಲ್ಲಿ ಮಾತ್ರವಲ್ಲ, ಅದರ ಸುತ್ತಣ ನೆಲದಲ್ಲೂ ಎಂಬುದು ಖಚಿತವಾಯಿತು.

ಬೆನ್ನುಹುರಿಯಲ್ಲಿ ಮೈಲಿನ್ ಸುತ್ತುವುದು ಶ್ವಾನ್ ಕೋಶಗಳಲ್ಲ, ಬೇರೊಂದು ಬಗೆಯವು. ಆ ಮೈಲಿನ್ನಿನಲ್ಲೇ ಬೆಳವಣಿಗೆ ತಡೆಯುವ ಪ್ರೋಟೀನುಗಳಿವೆ ಎಂದು ಜ್ಯೂರಿಕ್‌ನ ಮಾರ್ಟಿನ್ ಶ್ವಾಬ್ 1988ರಲ್ಲಿ ತೋರಿಸಿದರು. ಅವುಗಳಲ್ಲಿ ಒಂದಕ್ಕೆ ನೋಗೊ ಎಂದು ಹೆಸರಿಟ್ಟರು. ಅದರ ವಂಶವಾಹಿ 2000ದಲ್ಲಿ ಸಿಕ್ಕಿತು. ಗಾಯದ ಸುತ್ತ ಕಟ್ಟುವ ಕಲೆಯ ಗೋಡೆಯಲ್ಲೂ ತಂತುಗಳನ್ನು ತಡೆಯುವ ವಸ್ತುಗಳಿವೆ. ಹಳೆಯ ಚೂರುಗಳು ಅಲ್ಲಿಂದ ತೆರವಾಗಲು ತಿಂಗಳು, ವರ್ಷಗಳೇ ಹಿಡಿಯುತ್ತವೆ. ಇದರ ಮೇಲೆ ವಯಸ್ಕ ಕೋಶದೊಳಗಿನ ಬೆಳವಣಿಗೆಯ ಉತ್ಸಾಹವೂ ತಗ್ಗಿರುತ್ತದೆ. ತಡೆಗಳು ಹಲವಾದ್ದರಿಂದ ಒಂದನ್ನು ನೀಗಿದರೆ ಸಾಲದು.

ಪ್ರಾಣಿಗಳ ಮೇಲಿನ ಪ್ರಯೋಗಗಳು ಭರವಸೆ ಕೊಟ್ಟಿವೆ. ಆದರೂ ತುಂಡಾದ ಬೆನ್ನುಹುರಿಯನ್ನು ಮನುಷ್ಯರಲ್ಲಿ ಮತ್ತೆ ಬೆಳೆಸುವ, ಸಾಬೀತಾದ ಔಷಧಿ ಇಂದಿಗೂ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಆಕರಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯಿಂದ ನಡೆಸಿಬಿಡುತ್ತೇವೆಂದು ಲಕ್ಷಾಂತರ ರೂಪಾಯಿ ಕೇಳುವವರು ನಮ್ಮ ನಡುವೆ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳಂಥ ಒಪ್ಪಿತ ಬಳಕೆಗಳನ್ನು ಬಿಟ್ಟರೆ ಆಕರಕೋಶಗಳನ್ನು ಅನುಮತಿ ಪಡೆದ ಸಂಶೋಧನೆಯ ಚೌಕಟ್ಟಿನೊಳಗೆ ಮಾತ್ರ ಬಳಸಬಹುದು, ಚಿಕಿತ್ಸೆಯೆಂದು ಮಾರುವಂತಿಲ್ಲ. ಹೊಲ ಮಾರಿ, ಒಡವೆ ಅಡವಿಟ್ಟು ಅಂಥ ಕಡೆ ಹಣ ಸುರಿಯುವ ಮುನ್ನ ಸರ್ಕಾರಿ ಆಸ್ಪತ್ರೆಯ ನರರೋಗ ತಜ್ಞರನ್ನು ಒಮ್ಮೆ ಕೇಳಿ.

ಉದ್ದದ ನರಗಳೇ ಮೊದಲು

ಕಾಯಿಲೆಗಳ ಕಡೆ ತಿರುಗಿದರೆ ಅದೇ ಉದ್ದದ ಪ್ರಶ್ನೆ ಮತ್ತೆ ಎದುರಾಗುತ್ತದೆ. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಅಂದಾಜಿಸಿತು. ರಕ್ತದಲ್ಲಿ ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ನರಕೋಶದ ಶಕ್ತಿ ತಯಾರಿಕೆ, ಸಾಗಣೆ ಎರಡೂ ಏರುಪೇರಾಗುತ್ತವೆ. ನರಕ್ಕೆ ರಕ್ತ ಕೊಡುವ ಸಣ್ಣ ನಾಳಗಳೂ ಕೆಡುತ್ತವೆ. ಪೂರೈಕೆ ಕುಗ್ಗಿದಾಗ ಮೊದಲು ಬಳಲುವುದು ಅತಿ ದೂರದ ತುದಿ. ಹಾಗಾಗಿಯೇ ಜೋಮು, ಉರಿ, ಮರಗಟ್ಟುವಿಕೆ ಕಾಲ್ಬೆರಳಿನಿಂದ ಶುರುವಾಗಿ ಮೇಲಕ್ಕೇರುತ್ತವೆ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳಲ್ಲೂ ಕಾಣಿಸಿಕೊಳ್ಳುತ್ತವೆ.

ಇದರ ಅಪಾಯ ನೋವಿಗಿಂತ ನೋವಿಲ್ಲದಿರುವುದರಲ್ಲಿದೆ. ಮಟಮಟ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದವರಿಗೆ ಅಂಗಾಲು ಸುಟ್ಟದ್ದು ಮನೆಗೆ ಬಂದು ಬೊಬ್ಬೆ ನೋಡಿದಾಗಲೇ ತಿಳಿಯುತ್ತದೆ. ಗದ್ದೆಯಲ್ಲಿ ಚುಚ್ಚಿದ ಮುಳ್ಳು ವಾರಗಟ್ಟಲೆ ಒಳಗೇ ಇದ್ದು ಕೀವಾಗುತ್ತದೆ. ಬೆರಳು, ಪಾದ ಕಳೆದುಕೊಳ್ಳುವ ಹಾದಿ ಇಲ್ಲಿಂದಲೇ ಶುರು. ತಡೆಯುವ ಪರೀಕ್ಷೆಗೆ ಬೇಕಾದದ್ದು ಒಂದು ನೈಲಾನ್ ಎಳೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಆ ಎಳೆಯನ್ನು ಅಂಗಾಲಿಗೆ ತಾಕಿಸಿದಾಗ ಗೊತ್ತಾಗದಿದ್ದರೆ ಪಾದ ಅಪಾಯದಲ್ಲಿದೆ. ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ವಿಟಮಿನ್ ಬಿ12 ಕಡಿಮೆಯಾಗುವುದುಂಟು. ಅದರಿಂದಲೂ ನರ ಕೆಡುತ್ತದೆ. ರಕ್ತ ಪರೀಕ್ಷೆಯಲ್ಲಿ ಅದು ತಿಳಿಯುತ್ತದೆ, ಚಿಕಿತ್ಸೆಯೂ ಸುಲಭ.

ಕುಷ್ಠರೋಗದ ಕಥೆ ಇನ್ನೂ ಕಟುವಾದದ್ದು, ಏಕೆಂದರೆ ಅದರ ಬ್ಯಾಕ್ಟೀರಿಯಾ ಆರಿಸಿಕೊಳ್ಳುವುದೇ ನರವನ್ನು ಕಾಯುವ ಶ್ವಾನ್ ಕೋಶಗಳನ್ನು. ನಾರ್ವೆಯ ಗೆರ್ಹಾರ್ಡ್ ಹ್ಯಾನ್ಸನ್ 1873ರಲ್ಲಿ ಈ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ದೇಹದ ತಂಪಾದ ಭಾಗಗಳು ಅದಕ್ಕೆ ಇಷ್ಟ. ಆದ್ದರಿಂದ ಚರ್ಮಕ್ಕೆ ಹತ್ತಿರವಿರುವ ನರಗಳಿಗೆ, ಅಂದರೆ ಮೊಣಕೈ ಗೆಣ್ಣಿನ ಹಿಂದಿನದಕ್ಕೂ ಮೊಣಕಾಲಿನ ಹೊರಬದಿಯದಕ್ಕೂ ಪೆಟ್ಟು ಹೆಚ್ಚು. ಮೊದಲನೆಯದು ಕೆಟ್ಟರೆ ಬೆರಳು ಮಡಚಿಕೊಳ್ಳುತ್ತದೆ, ಎರಡನೆಯದು ಕೆಟ್ಟರೆ ಪಾದ ಜೋತುಬೀಳುತ್ತದೆ. ಬೆರಳು ಕೊಳೆತು ಉದುರುತ್ತದೆ ಎಂದು ಜನ ನಂಬಿದ್ದರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಅದು ಸುಳ್ಳೆಂದು ತೋರಿಸಿದರು. ನೋವು ತಿಳಿಯದ ಬೆರಳಿಗೆ ಸುಟ್ಟ ಗಾಯ, ಕೊಯ್ದ ಗಾಯ ಆಗುತ್ತಾ ಹೋಗಿ ಬೆರಳು ಸವೆಯುತ್ತದೆ. 1940ರ ದಶಕದ ಕೊನೆಯಿಂದ ಅವರು ಸ್ನಾಯುರಜ್ಜುಗಳನ್ನು ಜಾಗ ಬದಲಿಸಿ ಜೋಡಿಸಿ ಮಡಚಿದ ಕೈಗಳನ್ನು ಬಿಡಿಸಿದರು. ಸಮಾಜ ದೂರವಿಟ್ಟವರ ಕೈಹಿಡಿದು ನೋಡಿದ ವೈದ್ಯರೊಬ್ಬರಿಂದ ಲೋಕಕ್ಕೆ ಈ ಸತ್ಯ ತಿಳಿಯಿತು.

ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಕುಷ್ಠ ಕೆಳಗಿಳಿದಿದೆ ಎಂದು ಭಾರತ 2005ರ ಕೊನೆಯ ಲೆಕ್ಕದ ಆಧಾರದಲ್ಲಿ ಸಾರಿತು. ಆದರೂ 2022ರಲ್ಲಿ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದರು, ಇದು ಇಡೀ ಲೋಕದ ಅರ್ಧಕ್ಕಿಂತ ಹೆಚ್ಚು. ಆರು ಅಥವಾ ಹನ್ನೆರಡು ತಿಂಗಳ ಬಹು ಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ, ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆದರೆ ನರಕ್ಕಾದ ಹಾನಿ ಬೇರೆ ಮಾತು. ಶಕ್ತಿ ಕುಂದತೊಡಗಿದ ಆರು ತಿಂಗಳೊಳಗೆ ಸ್ಟೀರಾಯ್ಡ್ ಚಿಕಿತ್ಸೆ ಸಿಕ್ಕರೆ ನರ ಚೇತರಿಸಿಕೊಳ್ಳುವ ಸಂಭವ ಹೆಚ್ಚು, ತಡವಾದಷ್ಟೂ ಕಡಿಮೆ. ಮೈಮೇಲೆ ಸ್ಪರ್ಶ ತಿಳಿಯದ ಮಸುಕು ಮಚ್ಚೆ ಕಂಡರೆ ನಾಚಿಕೆಯಿಂದ ಮುಚ್ಚಿಡುವುದು ನರಕ್ಕೆ ಮಾಡುವ ದೊಡ್ಡ ಅಪಕಾರ.

ಕೋಶದ ಒಡಲೇ ಸತ್ತರೆ ತಂತು ಚಿಗುರುವ ಮಾತಿಲ್ಲ. ಪೋಲಿಯೊ ವೈರಾಣು ಮಾಡುತ್ತಿದ್ದದ್ದು ಅದನ್ನೇ. ಆಗಲೂ ನರಮಂಡಲ ಕೈಚೆಲ್ಲುವುದಿಲ್ಲ. ಬದುಕುಳಿದ ಕೋಶಗಳು ತಮ್ಮ ತಂತುವಿನಿಂದ ಹೊಸ ಕವಲು ಹೊರಡಿಸಿ ಅನಾಥವಾದ ಸ್ನಾಯುಗಳನ್ನು ವಹಿಸಿಕೊಳ್ಳುತ್ತವೆ. ಆ ಹೆಚ್ಚಿನ ಹೊರೆಯಿಂದಲೇ ದಶಕಗಳ ನಂತರ ಕೆಲವರಿಗೆ ದೌರ್ಬಲ್ಯ ಮರುಕಳಿಸುತ್ತದೆ ಎಂದು ತಜ್ಞರು ಭಾವಿಸುತ್ತಾರೆ. ಭಾರತದಲ್ಲಿ ಕಾಡು ಪೋಲಿಯೊದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡುಬಂತು. ಲಸಿಕೆಯಿಂದ ಉಳಿದ ನರಕೋಶಗಳಿಗೆ ಲೆಕ್ಕವಿಲ್ಲ.

ಪಾರ್ಕಿನ್ಸನ್, ಆಲ್ಝೈಮರ್ ಕಾಯಿಲೆಗಳಲ್ಲಿ ಸಾಯುವವು ಮಿದುಳಿನ ಕೋಶಗಳು. ಪಾರ್ಕಿನ್ಸನ್‌ನಲ್ಲಿ ಅಳಿಯುವ ಡೋಪಮೈನ್ ಕೋಶಗಳ ತಂತುಗಳು ಅಸಾಧಾರಣವಾಗಿ ಕವಲೊಡೆದಿರುತ್ತವೆ, ಅಷ್ಟನ್ನೂ ಪೋಷಿಸುವ ಹೊರೆಯೇ ಅವನ್ನು ಬೇಗ ದಣಿಸುತ್ತದೆಂಬ ವಾದವಿದೆ. ಆಲ್ಝೈಮರ್‌ನಲ್ಲಿ ಗಂಟುಕಟ್ಟುವ ಟೌ ಎಂಬ ಪ್ರೋಟೀನು ಆರೋಗ್ಯವಂತ ತಂತುವಿನಲ್ಲಿ ಸಾಗಣೆಯ ಎಳೆಗಳನ್ನು ಭದ್ರವಾಗಿಡುವಂಥದ್ದು. ಇವನ್ನು ಅರಿಯಲು ಮನುಷ್ಯರ ಮಿದುಳನ್ನೇ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಮರಣಾನಂತರ ಮಿದುಳು ದಾನ ಮಾಡಿದ ಕುಟುಂಬಗಳ ಔದಾರ್ಯದಿಂದ ಅದು ನಡೆಯುತ್ತಿದೆ. ಕಣ್ಣಿನ ದಾನದಂತೆ ಇದಕ್ಕೂ ನಮ್ಮಲ್ಲಿ ಜನಮನ್ನಣೆ ಬರಬೇಕು.

ನರದ ಬೆಳವಣಿಗೆಯನ್ನು ಖಚಿತವಾಗಿ ಚುರುಕುಗೊಳಿಸುವ ಮಾತ್ರೆ, ಟಾನಿಕ್ ಇನ್ನೂ ಬಂದಿಲ್ಲ. ದಿನಕ್ಕೊಂದು ಮಿಲಿಮೀಟರಿನ ಗತಿಯನ್ನು ನಾವು ಬದಲಿಸಲಾರೆವು. ಆದರೆ ಹೊರಡುವ ಮುನ್ನವೇ ಕಳೆದುಹೋಗುವ ದಿನಗಳನ್ನು ಉಳಿಸುವುದು ನಮ್ಮ ಕೈಯಲ್ಲಿದೆ. ಇದು ಸರ್ಕಾರಕ್ಕೂ ಸೇರಿದ ಮಾತು. ಜಿಲ್ಲಾ ಆಸ್ಪತ್ರೆಗಳಲ್ಲಿ ನರಗಳ ವಿದ್ಯುತ್ ಪರೀಕ್ಷೆ, ಫಿಸಿಯೋಥೆರಪಿ, ಮತ್ತು ಶಸ್ತ್ರಚಿಕಿತ್ಸೆ ಸಿಗುವ ಊರಿಗೆ ಕೂಡಲೇ ಕಳಿಸುವ ವ್ಯವಸ್ಥೆ ಬೇಕು. ಅಪಘಾತದಲ್ಲಿ ಮೂಳೆ ಕೂಡಿಸಿ ಕಳಿಸುವಾಗ ಬೆರಳು ಆಡುತ್ತಿದೆಯೇ, ಸ್ಪರ್ಶ ತಿಳಿಯುತ್ತಿದೆಯೇ ಎಂದು ನೋಡಿ ಬರೆದಿಡುವ ರೂಢಿ ಎಲ್ಲ ಆಸ್ಪತ್ರೆಗಳಲ್ಲೂ ಇರಬೇಕು.

ಓದುಗರು ನೆನಪಿಡಬೇಕಾದದ್ದು ಇಷ್ಟು. ಕೈಗೆ ಗಾಯವಾಗಿ ಬೆರಳು ಮರಗಟ್ಟಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕೊಯ್ದ ನರವನ್ನು ಮೊದಲ ಕೆಲವು ದಿನಗಳಲ್ಲೇ ಹೊಲಿಯುವುದು ಒಳ್ಳೆಯದು. ಅಪಘಾತದ ನಂತರ ತೋಳು ಏಳದಿದ್ದರೆ ಮೂರು ತಿಂಗಳೊಳಗೆ ನರ ಶಸ್ತ್ರಚಿಕಿತ್ಸಕರನ್ನು ಕಾಣಿ. ಸಕ್ಕರೆ ಇರುವವರು ಪ್ರತಿದಿನ ರಾತ್ರಿ ಅಂಗಾಲು ನೋಡಿಕೊಳ್ಳಿ. ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ನರ ಹೊಲಿಸಿಕೊಂಡವರು ಫಿಸಿಯೋಥೆರಪಿಯನ್ನು ಒಂದು ದಿನವೂ ತಪ್ಪಿಸಬೇಡಿ. ನರ ಬಂದು ಮುಟ್ಟುವವರೆಗೆ ಕೀಲುಗಳು ಬಿಗಿಯದಂತೆ ನೋಡಿಕೊಳ್ಳುವ ಕೆಲಸ ನಿಮ್ಮದೇ.